ಉಪ್ಪಿನ ಡಬ್ಬಿಯ ಪಕ್ಕದ ಮಾತ್ರೆ

ಬೂಟು ಹೊಲಿದೇ ಬದುಕುವ ಬೂಟಿನವನು ಐವತ್ತೊಂದನೆಯ ವಯಸ್ಸಿನಲ್ಲಿ ಓಡಲು ಹೊರಟ ದಿನ ಬೀದಿಗೆ ಬೀದಿಯೇ ನಕ್ಕಿತು. ನಕ್ಕವರನ್ನು ಅವನ ತಾಯಿ, ಮನೆಯ ಅಜ್ಜಿ, ಬಯ್ಯಲಿಲ್ಲ. ತೊಂಬತ್ತಾರು ಕಿಲೋ ತೂಗುವ ಗಂಡಸು ಹೆಂಡತಿಯ ರೇನ್‌ಕೋಟು ತೊಟ್ಟು, ಒಂದು ಹನಿ ಮಳೆಯಿಲ್ಲದ ಬೆಳಗಿನಲ್ಲಿ ಕುಲುಕುತ್ತ ಹೋಗುವುದನ್ನು ಕಂಡರೆ ಹೆತ್ತವಳಿಗೂ ನಗು ತಡೆಯುವುದು ಕಷ್ಟ. ಬೆವರು ಹೆಚ್ಚು ಸುರಿದಷ್ಟೂ ತೂಕ ಬೇಗ ಇಳಿಯುತ್ತದೆಂದು ಅಂಗಡಿಯಲ್ಲಿ ಯಾರೋ ಅವನ ತಲೆಗೆ ತುಂಬಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಅವನ ಮಗಳು ಚೂಟಿ, ಅವನಿನ್ನೂ ಮೂರನೆಯ ದೀಪದ ಕಂಬ ಮುಟ್ಟುವ ಮೊದಲೇ ಕೂಗಿ ನಿಲ್ಲಿಸಿದಳು.

“ಅಪ್ಪಾ, ಅದನ್ನ ಬಿಚ್ಚು! ಇಳಿಯೋದು ಬರೀ ನೀರು. ಮನೆಗೆ ಬಂದು ಎರಡು ಲೋಟ ಕುಡಿದ್ರೆ ಎಲ್ಲಾ ವಾಪಸ್ ಬರುತ್ತೆ.”

“ನಿನಗೇನೇ ಗೊತ್ತು?”

“ನಾನು ನಾಲ್ಕು ವರ್ಷ ಓಡಿದ್ದೀನಿ. ನೀನು ನಾಲ್ಕು ಕಂಬ ಓಡಿಲ್ಲ.”

ಮಾತು ನಿಜ. ಚೂಟಿ ಓಡಿದ್ದು ಬಹುಮಾನಕ್ಕಲ್ಲ, ಹೆಸರಿಗಲ್ಲ. ಬೆಳಗ್ಗೆ ಎದ್ದು ಐದು ಕಿಲೋಮೀಟರು ಓಡಿ ಬಂದು ಕೆನ್ನೆ ಕೆಂಪಗೆ ಮಾಡಿಕೊಂಡು ತಿಂಡಿಗೆ ಕೂರುತ್ತಿದ್ದಳು, ಅಷ್ಟೆ. ಹೋದ ವರ್ಷ ಅದೇ ಮುಖ ಊದಿಕೊಂಡಿತು. ನಿದ್ದೆ ಜಾಸ್ತಿಯಾಗಿರಬೇಕೆಂದು ಅಂದುಕೊಂಡಿದ್ದರು. ಎರಡೂ ಕಿಡ್ನಿ ಹೋಗಿವೆ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಇಪ್ಪತ್ತು ವರ್ಷದ ಹುಡುಗಿಯ ಬಗ್ಗೆ ಹೇಳುತ್ತಿದ್ದಾರೆಂದು ಮನೆಯವರಿಗೆ ನಂಬಿಕೆ ಬರಲಿಲ್ಲ. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಮೆಷಿನ್ನಿಗೆ ಮೈಯೊಡ್ಡಿ ಮಲಗುತ್ತಾಳೆ. ಸೂಜಿ ಚುಚ್ಚಲು ಕೈಯಲ್ಲಿ ಮಾಡಿಕೊಟ್ಟಿದ್ದ ದಾರಿ ಆಗಲೇ ಎರಡು ಸಲ ಮುಚ್ಚಿಹೋಗಿತ್ತು.

ಕಿಡ್ನಿ ಕೊಡಲು ತಾಯಿಯ ರಕ್ತ ಹೊಂದಲಿಲ್ಲ. “ನಂದು ತಗೊಳ್ಳಿ” ಎಂದ ಎಪ್ಪತ್ತನಾಲ್ಕರ ಅಜ್ಜಿಯನ್ನು ನೋಡಿ ಡಾಕ್ಟರಮ್ಮ ಮುಗುಳ್ನಕ್ಕರು. ಎಲ್ಲದರಲ್ಲೂ ಹೊಂದಿದ್ದು ಅಪ್ಪನದೊಂದೇ. “ನಿಮ್ಮ ಕಿಡ್ನಿ ಒಂದನೇ ದರ್ಜೆಯದು. ತೂಕ ಮಾತ್ರ ಅಲ್ಲ. ಎಂಬತ್ತನಾಲ್ಕಕ್ಕೆ ಇಳಿಸ್ಕೊಂಡು ಬನ್ನಿ, ಆಮೇಲೆ ಕತ್ತರಿ ಹಿಡೀತೀನಿ. ನಾಲ್ಕು ತಿಂಗಳು ಸಾಕಲ್ವಾ?” ಎಂದರು.

ಹನ್ನೆರಡು ಕಿಲೋ. ಮಗಳ ಜೀವಕ್ಕೂ ಅಪ್ಪನಿಗೂ ನಡುವೆ ಅವನದೇ ಹೊಟ್ಟೆ ಅಡ್ಡ ಕೂತಿತ್ತು.

ಸೊಸೆ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವಳು. ದಿನಕ್ಕೆ ನಲವತ್ತು ಕಿಲೋ ಈರುಳ್ಳಿ ಹೆಚ್ಚಿ ಬಂದು, ಮನೆಯಲ್ಲಿ ಗಂಡನಿಗೆ ಅನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಬಡಿಸತೊಡಗಿದಳು. ಬೇಯಿಸಿದ ಹುರುಳಿಕಾಯಿ, ಒಂದು ಮೊಟ್ಟೆ, ಸೌತೆಕಾಯಿ. ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದಳು. ಉಪ್ಪು ಕಮ್ಮಿ, ನೀರು ಜಾಸ್ತಿ, ಕೇಳದೆ ಯಾವ ಔಷಧಿಯೂ ಬೇಡ ಎಂದೆಲ್ಲ ಅದರಲ್ಲಿತ್ತು.

“ಇದು ಊಟಾನಾ, ಶಿಕ್ಷೆನಾ?” ಎಂದ ಬೂಟಿನವನು ತಟ್ಟೆ ನೋಡಿ.

“ಎರಡೂ. ತಿನ್ನಿ.”

ತಿಂದ. ಹಟಕ್ಕೆ ಬಿದ್ದರೆ ಅವನು ತಾಯಿಯಂತೆಯೇ. ಆದರೆ ಒಂದು ವಿಷಯದಲ್ಲಿ ಯಾರ ಮಾತೂ ಅವನ ಕಿವಿಗೆ ಇಳಿಯಲಿಲ್ಲ. ಅದು ಬೂಟು.

ಮೂವತ್ತು ವರ್ಷದಿಂದ ಅವನು ದೊಡ್ಡ ರಸ್ತೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಚರ್ಮದ ಬೂಟು ಹೊಲಿಯುತ್ತಿದ್ದ. ವಕೀಲರು, ಮದುಮಕ್ಕಳು, ಬ್ಯಾಂಡಿನವರು ಎಲ್ಲರ ಪಾದವೂ ಅವನ ಕೈಯಲ್ಲಿ ಹಾದುಹೋಗಿತ್ತು. ಅವನು ಹೊಲಿದದ್ದು ಕಾಲಿಗೆ ಚರ್ಮದ ಮೇಲೆ ಚರ್ಮದಂತೆ ಕೂರುತ್ತಿತ್ತು, ಅದೇ ಅವನ ಜಂಬ. ಸಂಜೆ ಎರಡೆರಡು ತಾಸು ಕೂತು ತನಗೊಂದು ಜೊತೆ ಓಟದ ಬೂಟು ಹೊಲಿದುಕೊಂಡ. ಮೆದು ಚರ್ಮ, ತೆಳು ಅಟ್ಟೆ, ಒಂದು ಹೊಲಿಗೆಯೂ ಆಚೀಚೆಯಿಲ್ಲ.

ಚೂಟಿ ಅದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಜಾಗಾನೇ ಇಲ್ಲ. ಓಡ್ತಾ ಓಡ್ತಾ ಕಾಲು ಊದುತ್ತೆ ಅಪ್ಪ. ಮುಂದೆ ಒಂದು ಹೆಬ್ಬೆರಳಷ್ಟು ಜಾಗ ಬೇಕು. ಅಡಿಯಲ್ಲೂ ಮೆತ್ತಗಿಲ್ಲ. ಅಂಗಡಿಯಿಂದ ಒಂದು ಜೊತೆ ತಗೋ.”

“ಅಂಗಡಿ ಬೂಟು! ಸ್ಪಂಜು, ಅಂಟು, ಬಣ್ಣ. ಬೂಟಿನೊಳಗೆ ಕಾಲು ಅಲ್ಲಾಡಿದ್ರೆ ಅದು ಬೂಟಲ್ಲ, ದೋಣಿ. ನನ್ನ ಕಾಲಿನ ಅಳತೆ ನಂಗೆ ಗೊತ್ತಿಲ್ವಾ?”

“ನಿಂತಿರೋ ಕಾಲಿನ ಅಳತೆ ಗೊತ್ತು. ಓಡೋ ಕಾಲಿಂದು ಗೊತ್ತಿಲ್ಲ.”

“ಕೇಳಿದ್ಯಾ ಅಮ್ಮ, ಮೊಮ್ಮಗಳ ಮಾತು?” ಎಂದು ನಕ್ಕು, ಬೂಟು ಬಿಗಿದುಕೊಂಡು ಹೊರಟೇಬಿಟ್ಟ.

ಎರಡು ಕಂಬ ಓಟ, ಒಂದು ಕಂಬ ನಡಿಗೆ. ಅದು ಚೂಟಿ ಹಾಕಿಕೊಟ್ಟ ಕ್ರಮ. ಪಟ್ಟಿ ಹರಿದ ತನ್ನ ಹಳೆಯ ಗಡಿಯಾರ ಹಿಡಿದು ಮೆಟ್ಟಿಲ ಮೇಲೆ ಕೂತು ಹೊತ್ತು ನೋಡುತ್ತಿದ್ದಳು. ಮೆಷಿನ್ನಿನ ಮಾರನೆಯ ದಿನ ಕೂರಲೂ ತ್ರಾಣವಿರದಿದ್ದರೆ ಬಾಗಿಲಿಗೆ ಒರಗಿಕೊಂಡು ನೋಡುವಳು. “ಮಾತಾಡ್ತಾ ಓಡೋಕಾಗ್ಬೇಕು ಅಪ್ಪ, ಏದುಸಿರು ಬಂತು ಅಂದ್ರೆ ನಿಧಾನ ಮಾಡು” ಎಂದರೆ, ಅವನು ಕಂಬದಿಂದ ಕಂಬಕ್ಕೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಜೋರಾಗಿ ಮಾತಾಡಿಸುತ್ತ ಓಡುವನು. ಮೂರು ವಾರಕ್ಕೆ ನಾಲ್ಕು ಕಿಲೋ ಇಳಿಯಿತು. ನಗುವವರು ನಗುವುದನ್ನು ಬಿಟ್ಟರು.

ಮೂರನೆಯ ವಾರದ ಕೊನೆಗೆ ಅಜ್ಜಿ ಒಂದು ದಿನ ಅಡುಗೆಮನೆಯಿಂದ ನೋಡುತ್ತಾಳೆ, ಮಗ ಮಹಡಿ ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡಡ್ಡ ತಿರುಗಿ ಇಳಿಯುತ್ತಿದ್ದಾನೆ. ಕರೆದು ಕೂರಿಸಿ ಕಾಲುಚೀಲ ಎಳೆದಳು. ಹೆಬ್ಬೆರಳಿನ ಉಗುರು ಕಪ್ಪಿಟ್ಟಿತ್ತು. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ ಬೆರಳಿಟ್ಟರೆ ಸಾಕು, ಹಲ್ಲು ಕಚ್ಚುತ್ತಿದ್ದ.

“ನಾಲ್ಕು ದಿನ ಬಿಡೋ.”

“ಬಿಟ್ರೆ ಮತ್ತೆ ಎದ್ದು ಹೋಗಲ್ಲ ಅಮ್ಮ, ನನ್ನ ಬುದ್ಧಿ ನಂಗೆ ಗೊತ್ತು. ಈಗಲೇ ದಿನಾ ಬೆಳಗ್ಗೆ ಹಾಸಿಗೆಯಲ್ಲಿ ನನ್ನ ಜೊತೆ ನಾನೇ ಜಗಳ ಆಡಿ ಏಳ್ತೀನಿ.”

ಅಜ್ಜಿ ಎದ್ದು ಉಪ್ಪಿನ ಡಬ್ಬಿಯ ಪಕ್ಕದ ಹಳದಿ ಡಬ್ಬಿ ತೆಗೆದಳು. ಅದರಲ್ಲಿದ್ದದ್ದು ಅವಳ ಮಂಡಿನೋವಿನ ಮಾತ್ರೆ. ಹೆಸರಿಗೆ ಅವಳದು, ಬಳಕೆಗೆ ಇಡೀ ಮನೆಯದು. ಹಲ್ಲುನೋವಿಗೆ ಅದು, ತಲೆನೋವಿಗೆ ಅದು, ಸೊಸೆಯ ಸೊಂಟಕ್ಕೆ ಅದು. ಉಪ್ಪು ಮುಗಿದರೆ ತರುವಂತೆ ಮುಗಿದರೆ ತರುತ್ತಿದ್ದರು. ಔಷಧಿ ಎಂದರೆ ಡಾಕ್ಟರು ಚೀಟಿ ಬರೆದು ಕೊಡುವುದು, ಇದನ್ನು ಆ ಮನೆಯಲ್ಲಿ ಯಾರೂ ಔಷಧಿ ಎಂದುಕೊಂಡೇ ಇರಲಿಲ್ಲ. ಚೂಟಿಗೆ ಮಾತ್ರ ಇದನ್ನು ಕೊಡಕೂಡದು ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಕೆಟ್ಟ ಕಿಡ್ನಿಗೆ, ಮಗನದು ಒಂದನೇ ದರ್ಜೆಯದಲ್ಲವೇ ಎಂದುಕೊಂಡಳು ಅಜ್ಜಿ.

ಮಗ ನುಂಗಿ, ಅರ್ಧ ಗಂಟೆಯ ಮೇಲೆ ಮೆಟ್ಟಿಲನ್ನು ನೆಟ್ಟಗೆ ಇಳಿದ. “ಚೂಟಿಗೆ ಹೇಳ್ಬೇಡ. ನೋವು ಅಂತ ಗೊತ್ತಾದ್ರೆ ಓಡೋಕೆ ಬಿಡಲ್ಲ” ಎಂದ.

ಆಮೇಲೆ ದಿನಾ ಬೆಳಗ್ಗೆ, ಸೊಸೆ ಸ್ನಾನಕ್ಕೆ ಹೋದಾಗ, ಅಜ್ಜಿ ಒಂದು ಲೋಟ ನೀರು, ಒಂದು ಮಾತ್ರೆ ಇಟ್ಟುಕೊಂಡು ಬಾಗಿಲ ಬಳಿ ನಿಲ್ಲುವಳು. ಸುಳ್ಳೇಕೆ, ಅವಳಿಗೆ ಅದರಲ್ಲಿ ಸುಖವಿತ್ತು. ಎಲ್ಲರೂ ಚೂಟಿಗಾಗಿ ಏನಾದರೊಂದು ಮಾಡುತ್ತಿದ್ದಾಗ ಅವಳ ಪಾಲಿಗೆ ಬಂದ ಕೆಲಸ ಇದೊಂದೇ.

ರಕ್ತ ಹತ್ತಿದ ಕಾಲುಚೀಲ ಬಟ್ಟೆ ಬುಟ್ಟಿಯಲ್ಲಿ ಚೂಟಿಯ ಕಣ್ಣಿಗೆ ಬಿತ್ತು. ಅವತ್ತು ಅವಳು ಅಪ್ಪನ ಮೇಲೆ ಕೂಗಾಡಿದ್ದು ಪಕ್ಕದ ಮನೆಗೂ ಕೇಳಿಸಿತು. ಸಂಜೆಯೇ ಅವನನ್ನು ಓಟದ ಬೂಟಿನ ಅಂಗಡಿಗೆ ಎಳೆದುಕೊಂಡು ಹೋದಳು. ಸಂಜೆಯೇ ಏಕೆಂದರೆ ದಿನವಿಡೀ ದುಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಮೂವತ್ತು ವರ್ಷ ಊರವರ ಕಾಲು ಹಿಡಿದವನು ಅಲ್ಲಿ ಸ್ಟೂಲಿನ ಮೇಲೆ ಕೂತು ಯಾರದೋ ಕೈಗೆ ತನ್ನ ಕಾಲು ಕೊಟ್ಟ. ಕಿತ್ತಳೆ ಬಣ್ಣದ ಜೊತೆಯೊಂದನ್ನು ಮನೆಗೆ ತಂದು, ಮೇಜಿನ ಮೇಲಿಟ್ಟು, ತಿರುಗಿಸಿ ಮುರುಗಿಸಿ ನೋಡಿದ.

“ಅಂಟು! ಒಂದೇ ಒಂದು ಹೊಲಿಗೆ ಇಲ್ಲ ನೋಡು ಅಮ್ಮ.”

“ಹಾಕ್ಕೊಂಡ್ರೆ ಹೇಗಿದೆ?” ಎಂದಳು ಅಜ್ಜಿ.

ಹಾಕಿಕೊಂಡು ಬಾಗಿಲವರೆಗೆ ನಡೆದು ಬಂದ. “ಹಿತವಾಗಿದೆ” ಎಂದ, ಸೋತವನಂತೆ.

“ಹತ್ತು ದಿನ ಓಡ್ಬೇಡ, ನಡಿ ಅಷ್ಟೆ. ಎಲುಬು ಸುಧಾರಿಸ್ಕೊಳ್ಳಲಿ” ಎಂದಳು ಚೂಟಿ. ಅವಳು ಮೆಷಿನ್ನಿಗೆ ಹೋದ ದಿನಗಳಲ್ಲಿ ಅವನು ಕದ್ದು ಓಡಿದ. ಮಾತ್ರೆ ಎರಡಾಯಿತು. ಅಂಗಡಿಯಲ್ಲಿ ಕೂತಾಗಲೂ ಕಾಲು ಸಿಡಿಯುತ್ತದೆಂದು ಮೂರಾಯಿತು. ಡಬ್ಬಿ ಬೇಗ ಖಾಲಿಯಾಗುತ್ತಿದೆ ಎಂದು ಸೊಸೆ ಕೇಳಿದಾಗ ಅಜ್ಜಿ, “ಚಳಿಗೆ ನನ್ನ ಮಂಡಿನೋವು ಜಾಸ್ತಿ ಕಣೇ” ಎಂದಳು.

ಒಂಬತ್ತನೆಯ ವಾರ ತೂಕ ಎಂಬತ್ತೆಂಟಕ್ಕೆ ಬಂದು ಮೊಳೆ ಹೊಡೆದಂತೆ ನಿಂತಿತು. ಎರಡು ವಾರ ಕಳೆದರೂ ಅಲ್ಲಾಡಲಿಲ್ಲ. ಒಂದು ಮಧ್ಯಾಹ್ನ ಸೊಸೆ ಅವನ ಚೀಲದಲ್ಲಿ ಬೇಕರಿಯ ಕಾಗದ ಹಿಡಿದಳು.

“ಏನಿದು?”

“ಒಂದು ಬನ್ನು.”

“ಒಂದು ಬನ್ನು! ಮಗಳ ತಟ್ಟೆಯಲ್ಲಿ ಬಾಳೆಹಣ್ಣಿಲ್ಲ, ಆಲೂಗಡ್ಡೆ ಇಲ್ಲ, ಲೋಟ ನೀರಿಗೂ ಲೆಕ್ಕ. ಅವಳು ಒಂದು ದಿನ ಬಾಯಿ ಬಿಟ್ಟಿದ್ದಾಳಾ? ನಿಮಗೆ ಬನ್ನು!”

“ಓಡಿ ನೋಡು ನೀನು. ಆಮೇಲೆ ಹೇಳು.”

“ಕೊಡೋಕಾಗಿದ್ರೆ ಓಡೋದೇನು, ತೆವಳ್ಕೊಂಡು ಹೋಗಿ ಕೊಡ್ತಿದ್ದೆ. ಹೊಂದಿದ್ದು ನಿಮ್ಮದೊಂದೇ, ಏನ್ ಮಾಡ್ಲಿ?”

ಅವನು ತಲೆ ತಗ್ಗಿಸಿದ. ಚೂಟಿ ಒಳಗಿನಿಂದ ಬಂದು ಕಾಗದವನ್ನು ಮುದುರಿ ಎಸೆದಳು. “ಅಪ್ಪ, ನನಗೋಸ್ಕರ ಅಂತ ಓಡ್ಬೇಡ. ದಿನಾ ನನ್ನ ಮುಖ ನೆನೆಸ್ಕೊಂಡು ಓಡಿದ್ರೆ ನನ್ನ ಕಂಡ್ರೇ ನಿನಗೆ ಸುಸ್ತಾಗುತ್ತೆ. ಮುಂದಿನ ಕಂಬದವರೆಗೆ ಅಂತ ಓಡು. ಅಲ್ಲಿ ಹೋದ್ಮೇಲೆ ಅದರ ಮುಂದಿಂದು. ನಾನು ಹಾಗೇ ಓಡ್ತಿದ್ದಿದ್ದು.”

ಹಾಗೇ ಓಡಿದ. ಎಂಬತ್ತೇಳು, ಎಂಬತ್ತಾರು. ಮೂರು ಮಾತ್ರೆ, ಬೆಳಗ್ಗೆ ಮಧ್ಯಾಹ್ನ ಸಂಜೆ. ಹದಿನಾರನೆಯ ವಾರ ತಕ್ಕಡಿಯ ಮುಳ್ಳು ಎಂಬತ್ತನಾಲ್ಕು ದಾಟಿ ಕೆಳಗೆ ನಿಂತಾಗ ಸೊಸೆ ನೆಲಕ್ಕೆ ಕೂತು ಅತ್ತುಬಿಟ್ಟಳು. ಚೂಟಿ ಅಪ್ಪನ ಹೊಟ್ಟೆಗೆ ಗುದ್ದಿ, “ಎಲ್ಲೋಯ್ತು ಗುಡಾಣ?” ಎಂದಳು. ಮನೆಯಲ್ಲಿ ಒಂದು ವರ್ಷದ ಮೇಲೆ ನಾಲ್ಕು ಜನ ಒಟ್ಟಿಗೆ ನಕ್ಕರು.

ಕೊನೆಯ ಪರೀಕ್ಷೆಯ ಫಲ ಕೇಳಲು ನಾಲ್ವರೂ ಹೋದರು. ಅಜ್ಜಿ ಹಟ ಹಿಡಿದು ಹೋದಳು. ಡಾಕ್ಟರಮ್ಮ ತೂಕ ನೋಡಿ ಹುಬ್ಬೇರಿಸಿದರು. ಆಮೇಲೆ ರಕ್ತದ ಹಾಳೆ ನೋಡಿದರು. ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದರು.

“ನಾಲ್ಕು ತಿಂಗಳ ಹಿಂದೆ ಎಷ್ಟು ಚೆನ್ನಾಗಿತ್ತು. ಈಗ ನಿಮ್ಮ ಕಿಡ್ನಿ ಸರಿಯಾಗಿ ಸೋಸ್ತಾ ಇಲ್ಲ. ಏನಾದ್ರೂ ಮಾತ್ರೆ ತಗೊಂಡ್ರಾ? ನೋವಿಂದು?”

“ಇಲ್ಲ” ಎಂದ ಬೂಟಿನವನು. ತಟ್ಟನೆ ಎಂದ. ಆಮೇಲೆ ನೆಲ ನೋಡಿದ.

“ಯೋಚನೆ ಮಾಡಿ ಹೇಳಿ. ಓಡೋರು ತುಂಬಾ ಜನ ನುಂಗ್ತಾರೆ. ಅದರಿಂದಾದ್ರೆ ಒಂದು ಮಾತು. ಏನೂ ಕಾರಣ ಇಲ್ಲದೆ ಹೀಗಾಗಿದ್ರೆ ನಿಮಗೇ ರೋಗ ಶುರುವಾಗಿದೆ ಅಂತ. ಆಗ ನಿಮ್ಮ ಹೆಸರು ತೆಗೆದುಹಾಕ್ಬೇಕಾಗುತ್ತೆ.”

ಮಗ ಮತ್ತೆ ಇಲ್ಲವೆಂದು ತಲೆಯಾಡಿಸಿದ. ಅವನ ಕಿವಿ ಕೆಂಪಾಗಿತ್ತು. ಆರು ವರ್ಷದವನಿದ್ದಾಗ ತಾಯಿ ಒಡೆದ ಹೂಜಿಯನ್ನು ತಾನೇ ಒಡೆದೆನೆಂದು ಅಪ್ಪನ ಮುಂದೆ ನಿಂತಾಗಲೂ ಹೀಗೇ ಕೆಂಪಾಗಿತ್ತು. ಅಜ್ಜಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಇವನು ತನ್ನನ್ನು ಉಳಿಸುತ್ತಿದ್ದಾನೆ. ತನ್ನನ್ನು ಉಳಿಸಲು ಹೋಗಿ ಮಗಳನ್ನು ಕಳೆದುಕೊಳ್ಳುತ್ತಾನೆ.

“ನಾನು ಕೊಟ್ಟೆ” ಎಂದಳು. ದನಿ ಸಣ್ಣಗೆ ಬಂತು, ಇನ್ನೊಮ್ಮೆ ಜೋರಾಗಿ ಹೇಳಿದಳು. “ನನ್ನ ಮಂಡಿ ಮಾತ್ರೆ. ನಾನೇ ಕೊಟ್ಟೆ ಡಾಕ್ಟರಮ್ಮ.”

“ಎಷ್ಟು ದಿನ?”

“ಹನ್ನೆರಡು ಹದಿಮೂರು ವಾರ.”

“ದಿನಕ್ಕೆ?”

“ಮೊದಲು ಒಂದು. ಆಮೇಲೆ ಮೂರು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎರಡು ತಿಂಗಳು ಒಂದು ಮಾತ್ರೆಯೂ ಕೂಡದು, ನೀರು ಚೆನ್ನಾಗಿ ಕುಡಿಯಬೇಕು, ಇಳಿಸಿದ ತೂಕ ಏರಬಾರದು, ಆಮೇಲೆ ಮತ್ತೆ ನೋಡೋಣ ಎಂದರು. ಸರಿಹೋಗಬಹುದು, ಹೋಗದೆಯೂ ಇರಬಹುದು.

“ಅಲ್ಲಿವರೆಗೂ ಇವಳು?” ಎಂದಳು ಸೊಸೆ.

“ಮೆಷಿನ್ನು. ಕೈಯಲ್ಲಿರೋ ದಾರಿ ಮುಚ್ಚದಿದ್ರೆ ಸಾಕು” ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ಸೊಸೆ ನೇರ ಅಡುಗೆಮನೆಗೆ ಹೋಗಿ ಹಳದಿ ಡಬ್ಬಿ ತಂದು ಅಜ್ಜಿಯ ಮುಂದಿಟ್ಟಳು. ಬಯ್ಯುತ್ತಾಳೆಂದು ಅಜ್ಜಿ ಕಾದಳು. ಬಯ್ದಿದ್ದರೆ ಚೆನ್ನಾಗಿತ್ತು.

“ಅತ್ತೆ, ನಾನು ಅನ್ನಾನ ಗ್ರಾಂ ಲೆಕ್ಕದಲ್ಲಿ ತೂಗಿ ಹಾಕ್ತಿದ್ದೆ. ನೀವು...” ಎಂದಳು. ಕ್ಯಾಂಟೀನಿಗೆ ಹೊರಟುಹೋದಳು.

ಚೂಟಿ ಅಪ್ಪನ ಹತ್ತಿರ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, “ಆಮೇಲೂ ನೋಯ್ತಿದ್ದದ್ದನ್ನ ನನ್ನಿಂದ ಯಾಕೆ ಮುಚ್ಚಿಟ್ಟೆ? ನಾನು ನಿನ್ನಿಂದ ಏನಾದ್ರೂ ಮುಚ್ಚಿಟ್ಟಿದ್ದೀನಾ?” ಎಂದು ಕೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಹಾಗೆ ಮಲಗಿದವನು ಬೆಳಗಿನ ಓಟಕ್ಕೆ ಏಳಲೇ ಇಲ್ಲ. ಕಿತ್ತಳೆ ಬೂಟು ಮಂಚದ ಕೆಳಗೆ ಸೇರಿತು. ಅಂಗಡಿಗೆ ಹೋಗುವನು, ಬರುವನು, ಇಟ್ಟದ್ದನ್ನೆಲ್ಲ ತಿನ್ನುವನು. ಸೊಸೆ ತೂಗುವುದನ್ನು ಬಿಟ್ಟಿದ್ದಳು. “ಇನ್ಯಾಕೆ ಓಡ್ಲಿ? ಇಳಿಸಿ ಇಳಿಸಿ ಹಾಳು ಮಾಡ್ಕೊಂಡಿದ್ದು ಸಾಲದಾ?” ಎಂದ ಒಮ್ಮೆ. ಹದಿನೈದು ದಿನದ ಮೇಲೆ ಅವನು ಇಲ್ಲದಾಗ ಚೂಟಿ, ಅವನ ತೂಕ ಬರೆದಿಡುತ್ತಿದ್ದ ಗೋಡೆಯ ಕಾಗದವನ್ನು ಅಜ್ಜಿಗೆ ತೋರಿಸಿದಳು. ಎಂಬತ್ತೈದೂವರೆ. “ಬಲವಂತವಾಗಿ ನಿಲ್ಲಿಸಿ ತೂಗಿದೆ ಅಜ್ಜಿ” ಎಂದಳು. ಅವಳ ತೋಳಿನ ಬ್ಯಾಂಡೇಜು ಹೊಸದಾಗಿತ್ತು. ದಾರಿ ಮೂರನೆಯ ಸಲ ತೊಂದರೆ ಕೊಟ್ಟಿತ್ತು.

ಅಜ್ಜಿ ಆಸ್ಪತ್ರೆಯಿಂದ ಬಂದ ದಿನವೇ ಡಬ್ಬಿಯ ಮಾತ್ರೆಗಳನ್ನೆಲ್ಲ ಪಾಯಿಖಾನೆಗೆ ಸುರಿದು ನೀರು ಹೊಯ್ದಿದ್ದಳು. ಮನೆಯಲ್ಲಿ ಇದ್ದರೆ ತಾನೇ ಕೈ ಹೋಗುವುದು. ಹನ್ನೊಂದು ವರ್ಷ ಮಾತ್ರೆಯಿಂದ ಅಡಗಿದ್ದ ಅವಳ ಮಂಡಿಗಳು ಮುಸುಕು ತೆಗೆದು ಎದ್ದು ಕೂತಿದ್ದವು. ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲಿಡುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳುವ ಮುಖವೂ ಇರಲಿಲ್ಲ.

ಚೂಟಿ ಕಾಗದ ತೋರಿಸಿದ ಮಾರನೆಯ ಬೆಳಗ್ಗೆ, ಬಿಸಿಲು ಬಿದ್ದ ಮೇಲೆ, ಅಜ್ಜಿ ಚೂಟಿಯ ಹಳೆಯ ಓಟದ ಬೂಟನ್ನು ಕಾಲಿಗೆ ಸಿಕ್ಕಿಸಿಕೊಂಡಳು. ಚಪ್ಪಲಿ ಬಿಟ್ಟರೆ ಬೇರೇನೂ ಹಾಕಿ ಗೊತ್ತಿಲ್ಲದವಳು. ಲಾಡಿ ಕಟ್ಟಲು ಬಗ್ಗಲಾಗಲಿಲ್ಲ, ಹಾಗೇ ತುರುಕಿದಳು. ಯಾರಿಗೂ ಹೇಳದೆ ಗೋಡೆ ಹಿಡಿದು, ಗೇಟು ಹಿಡಿದು, ಬೀದಿಗಿಳಿದಳು. ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೆ. ಮುಂದಿನ ಕಂಬದವರೆಗೆ ಎಂದುಕೊಂಡಳು. ಅದನ್ನು ತಬ್ಬಿ ನಿಂತು, ಅದರ ಮುಂದಿನದು ಎಂದುಕೊಂಡಳು. ಮೂರನೆಯ ಕಂಬದ ಬುಡದಲ್ಲಿ ಕಾಲುಗಳು ಕೈಕೊಟ್ಟವು. ಅಲ್ಲಿದ್ದ ಕಟ್ಟೆಯ ಮೇಲೆ ಕುಸಿದಳು.

“ಅಪ್ಪಾ! ಅಜ್ಜಿ ಕಂಬದ ಹತ್ತಿರ ಕೂತುಬಿಟ್ಟಿದ್ದಾಳೆ!” ಎಂದು ಚೂಟಿ ಮೆಟ್ಟಿಲಿಂದ ಕೂಗಿದ್ದು ಅಲ್ಲಿಗೂ ಕೇಳಿಸಿತು.

ಮಗ ಬನಿಯನ್ನಿನಲ್ಲೇ, ಬರಿಗಾಲಲ್ಲಿ ಓಡಿ ಬಂದ. “ಹುಚ್ಚು ಹಿಡಿದಿದೆಯಾ ನಿನಗೆ? ಕೈ ಕೊಡು, ಎತ್ಕೊಂಡು ಹೋಗ್ತೀನಿ.”

“ಮುಟ್ಬೇಡ.”

“ಅಮ್ಮಾ!”

“ಮಾತ್ರೆ ಇಲ್ದೆ ಇಲ್ಲಿವರೆಗೆ ಬಂದಿದ್ದೀನಿ ಕಣೋ. ಹೇಗೆ ಬಂದೆ ಅಂತ ಕೇಳ್ಬೇಡ. ತಪ್ಪು ನಂದು, ನಾನು ಸಾಯೋವರೆಗೂ ನಂದೇ. ನೀನು ಮಲಗಿದ್ರೆ ಅದು ಸರಿಹೋಗುತ್ತಾ? ಹೋಗು, ತಿರುವಿನವರೆಗೆ ಹೋಗಿ ಬಾ. ನೀನು ಬರೋವರೆಗೂ ನಾನು ಇಲ್ಲಿಂದ ಏಳಲ್ಲ.”

“ಕಾಲು ನೋಯುತ್ತಮ್ಮ” ಎಂದ ಅವನು. ಐವತ್ತೊಂದು ವರ್ಷದ ಗಂಡಸು ಬೀದಿಯಲ್ಲಿ ನಿಂತು ಅಳುತ್ತಿದ್ದ. “ಓಡಿದ್ರೂ ಸರಿಹೋಗದಿದ್ರೆ?”

ಅಜ್ಜಿ ತಿರುವಿನ ಕಡೆ ಕೈ ತೋರಿಸಿದಳು. “ನೋಯುತ್ತೆ ಅಂದ್ರೆ ನಡ್ಕೊಂಡು ಹೋಗು. ಮಲಗ್ಬೇಡ” ಎಂದಳು.

ಅಷ್ಟರಲ್ಲಿ ಚೂಟಿ ಉಸಿರು ಎಳೆಯುತ್ತ ಬಂದಳು, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಕಿತ್ತಳೆ ಬೂಟು. ಏನೂ ಹೇಳದೆ ಅಪ್ಪನ ಮುಂದೆ ನೆಲಕ್ಕೆ ಕೂತು ಬೂಟು ತೊಡಿಸಿ ಲಾಡಿ ಕಟ್ಟಿದಳು. ತುದಿಯಲ್ಲಿ ಜಾಗವಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅವನು ಮಗಳ ನೆತ್ತಿ ನೋಡುತ್ತ ನಿಂತಿದ್ದ. ಆಮೇಲೆ ತಿರುಗಿ ಹೊರಟ. ಮೊದಲು ನಡೆದ, ನಾಲ್ಕನೆಯ ಕಂಬ ದಾಟಿ ಕುಂಟುತ್ತಲೇ ಓಟಕ್ಕಿಳಿದು, ತಿರುವಿನಲ್ಲಿ ಮರೆಯಾದ.

ಚೂಟಿ ಕಟ್ಟೆಯ ಮೇಲೆ ಅಜ್ಜಿಗೆ ಒರಗಿ ಕೂತಳು. “ತುಂಬಾ ನೋಯ್ತಿದೆಯಾ?” ಎಂದಳು.

“ಹೂಂ.”

“ನಂಗೂ” ಎಂದಳು ಚೂಟಿ. ಕಾಯಿಲೆ ಬಿದ್ದಾಗಿನಿಂದ ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಅಜ್ಜಿ ಅವಳ ಬ್ಯಾಂಡೇಜಿಲ್ಲದ ಕೈಯನ್ನು ಹಿಡಿದುಕೊಂಡಳು. ಮರು ಪರೀಕ್ಷೆಗೆ ಇನ್ನು ನಲವತ್ತನಾಲ್ಕು ದಿನ. ಇಬ್ಬರೂ ತಿರುವನ್ನೇ ನೋಡುತ್ತ ಕೂತರು. ಗಡಿಯಾರ ಏಳು ನಿಮಿಷ ತೋರಿಸಿತು, ಎಂಟು ತೋರಿಸಿತು. ಅವನಿನ್ನೂ ಬಂದಿರಲಿಲ್ಲ.